ಹಗ್ಗಕ್ಕೆ ಕೈಹಚ್ಚಿದ ಅತಿಥಿ

ಪೆಟಿಟ್ ಲಾನ್ಸ್, ಗ್ರೆನಡಾ
ಭಾನುವಾರ, ಫೆಬ್ರವರಿ 18, 1996

ನನ್ನ ಮಾರ್ವಾಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋದರೇನೋ ಎಂದು ಎದೆ ಒಡೆದುಕೊಳ್ಳಬೇಡ. ಎಲ್ಲರೂ ಇದ್ದಾರೆ. ಊರಿಗೆಲ್ಲ ಚಿಕ್ಕಮ್ಮನಾದ ಟಾಂಟಿ ಮೆರ್ಲ್ ಕೂಡ ಇದ್ದಾಳೆ. ಎಂಬತ್ತನಾಲ್ಕು ತುಂಬಿದರೂ ಅವಳ ನಾಲಗೆ ಮೀನು ಕೊಯ್ಯುವ ಕತ್ತಿಗಿಂತ ಹರಿತವಾಗಿಯೇ ಇದೆ. ಅಪ್ಪ ಹೋದಾಗ ಬರೆದ ಆ ಒಂದು ಕಾಗದ ಬಿಟ್ಟರೆ, ಏಳು ವರ್ಷದಲ್ಲಿ ನಾನು ನಿನಗೆ ಕಳಿಸಿದ್ದು ಕ್ರಿಸ್‌ಮಸ್ ಕಾರ್ಡುಗಳು ಮಾತ್ರ, ಅದರಲ್ಲೂ ಅಚ್ಚಾದ ಸಾಲಿನ ಕೆಳಗೆ ಬರೀ ಒಂದು ಸಹಿ. ಇವತ್ತು ಚರ್ಚಿನಿಂದ ಬಂದವಳು ಟೋಪಿಯನ್ನೂ ತೆಗೆಯದೆ ಬರೆಯಲು ಕೂತಿದ್ದೇನೆ. ತೆಗೆದರೆ ಬೇರೆ ಕೆಲಸ ನೆನಪಾಗಿ ಇದು ಹಾಗೇ ಉಳಿದೀತು ಎಂಬ ಭಯ.

ವಿಷಯ ಇಷ್ಟು: ನಿನ್ನ ಗಂಡ ಇಲ್ಲಿದ್ದಾನೆ. ಅದು ನಿನಗೆ ಗೊತ್ತು, ನೀನೇ ಕಳಿಸಿರುತ್ತೀಯ. ಅವನು ಯಾರೆಂದು ನನಗೆ ಎರಡನೆಯ ದಿನವೇ ಗೊತ್ತಾಗಿತ್ತು ಎನ್ನುವುದು ಮಾತ್ರ ನಿಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಹೋದ ವಾರ ಗುರುವಾರ ಮಧ್ಯಾಹ್ನದ ಬಸ್ಸಿನಿಂದ ಇಳಿದ. ಹೆಗಲಿಗೆ ಚೀಲ, ತಲೆಗೆ ಹುಲ್ಲಿನ ಟೋಪಿ, ಮುಖ ಬೆಂದ ಸಿಗಡಿಯ ಬಣ್ಣ. ನಿನ್ನ ಕೋಣೆಯನ್ನು ನಾನು ಈಗ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇನೆ, ಸಿಟ್ಟಾಗಬೇಡ. ಹೆಸರು ಹ್ಯೂ ಎನ್ನದೆ ಓವೆನ್ ಎಂದ, ಹಕ್ಕಿ ನೋಡಲು ಬಂದಿದ್ದೇನೆ ಎಂದ. ನಮ್ಮೂರಿನಲ್ಲಿ ಎಂಥ ಹಕ್ಕಿ ಮಾರಾಯ್ತಿ? ಬಲೆಯ ಮೇಲೆ ಕೂತು ಮೀನು ಕದಿಯುವ ಪೆಲಿಕನ್‌ಗಳನ್ನು ಬಿಟ್ಟರೆ ನೆಸ್ಟರನ ಹುಂಜ. ಇರಲಿ, ಬಿಳಿಯರಿಗೆ ಏನೇನೋ ಹುಚ್ಚು ಎಂದು ಹಾಸಿಗೆ ಕೊಡವಿ ಕೊಟ್ಟೆ.

ಮರುದಿನ ಬೆಳಿಗ್ಗೆ ನಾನು ಕೋಕೋ ಚಹಾ ಕಲಕುತ್ತಿದ್ದೆ. ನಮ್ಮ ಹಿತ್ತಲ ಬಾಗಿಲಿನ ಗುಣ ನಿನಗೆ ಗೊತ್ತಲ್ಲ: ಹಿಡಿಯನ್ನು ಮೇಲಕ್ಕೆತ್ತಿ, ಮೊಣಕಾಲಿನಿಂದ ಕೆಳಗೊಂದು ಗುದ್ದು ಕೊಟ್ಟರೆ ಮಾತ್ರ ತೆರೆಯುತ್ತದೆ. ಬಂದ ಬಾಡಿಗೆಯವರೆಲ್ಲ ಅದರ ಜೊತೆ ಕುಸ್ತಿ ಮಾಡಿ, ಸೋತು ನನ್ನನ್ನು ಕೂಗುತ್ತಾರೆ. ಇವನು ಕಣ್ಣುಜ್ಜಿಕೊಳ್ಳುತ್ತ ಬಂದ, ಹಿಡಿ ಎತ್ತಿದ, ಮೊಣಕಾಲು ಕೊಟ್ಟ, ಹೊರಗೆ ಹೋಗಿ ಮುಖ ತೊಳೆದ. ಸೌಟು ನನ್ನ ಕೈಯಲ್ಲೇ ನಿಂತಿತು. ಈ ಬಾಗಿಲಿನ ಗುಟ್ಟನ್ನು ಅವನಿಗೆ ಹೇಳಿಕೊಡಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ. ಎಷ್ಟು ಸಲ ಹೇಳಿರಬೇಕು ನೀನು, ನಿದ್ದೆಗಣ್ಣಿನಲ್ಲೂ ಅವನ ಕಾಲಿಗೆ ನೆನಪಿರಬೇಕಾದರೆ!

ಅಳಿಯ ಎಂದು ಒಪ್ಪಿಕೊಳ್ಳದೆಯೇ ಅಳಿಯನಿಂದ ಮಾಡಿಸಬಹುದಾದ ಕೆಲಸವನ್ನೆಲ್ಲ ಮಾಡಿಸಿದೆ. ಸೋರುತ್ತಿದ್ದ ತಗಡು ಹೊದಿಸಿದ, ತೆಂಗಿನಕಾಯಿ ತುರಿದ, ತುರಿಯುವಾಗ ಬೆರಳನ್ನೂ ತುರಿದುಕೊಂಡ. ಸಾರಿಗೆ ಎರಡು ಮೆಣಸಿನಕಾಯಿ ಹೆಚ್ಚಿಗೆ ಹಾಕಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತ "ಚೆನ್ನಾಗಿದೆ, ಮಿಸ್ ಡೋರಾ" ಎಂದು ಇನ್ನೊಂದು ಬಟ್ಟಲು ಕೇಳಿದ. ಆಗ ನನಗೇ ನಾಚಿಕೆಯಾಯಿತು.

ಒಂದು ದಿನ ನಿನ್ನಪ್ಪನ ಫೋಟೋ ಮುಂದೆ ಬಹಳ ಹೊತ್ತು ನಿಂತಿದ್ದ. "ಒಳ್ಳೇ ಮನುಷ್ಯರ ಮುಖ" ಎಂದ. "ಮುಖ ಒಳ್ಳೇದೇ. ಬಾಯಿ ಬಿಟ್ರೆ ಮಾತ್ರ ಸದಾ ಮಗಳ ಪರ" ಎಂದೆ. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ, "ಮಗಳು ಇಲ್ಲಿಗೆ ಬರಲ್ವಾ?" ಕರೆದರೆ ಬರುತ್ತಾಳೋ ಏನೋ ಎಂದೆ. "ಮತ್ತೆ ಕರೀಬಾರದಾ?" ಅವನ ತಟ್ಟೆಗೆ ಸುಟ್ಟ ದೀವಿಹಲಸಿನ ದೊಡ್ಡ ಹೋಳೊಂದನ್ನು ಹಾಕಿದೆ. ಬಾಯಿ ತುಂಬಿದರೆ ಪ್ರಶ್ನೆ ನಿಲ್ಲುತ್ತದೆ.

ಯಾಕೆ ಕರೆಯಲಿಲ್ಲ ಎಂದು ನಿನಗೂ ಗೊತ್ತು, ಊರಿಗೂ ಗೊತ್ತು. ನಿನ್ನಪ್ಪ ಅಲ್ಫೋನ್ಸ್ ದೋಣಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಅವನ ಒಂಬತ್ತನೆಯ ರಾತ್ರಿಗೆ ಇಡೀ ಊರು ನಮ್ಮ ಅಂಗಳದಲ್ಲಿ ಕೂತು ಹಾಡಿತು, ಒಬ್ಬಳೇ ಮಗಳು ನೀನು ಇರಲಿಲ್ಲ. ಅಪ್ಪನ ಆತ್ಮವನ್ನು ಕಳಿಸಿಕೊಡಲು ಮಗಳೇ ಬರದಿದ್ದರೆ ಈ ಊರು ಮರೆಯುವುದಿಲ್ಲ. ಹೊಸ ಗಂಡ ಬಿಡಲಿಲ್ಲವಂತೆ ಎಂದು ಯಾರೋ ಅಂದರು, ಎಲ್ಲರೂ ಅಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಹಾಗಾಗಿ ನಿನ್ನ ಗಂಡನನ್ನು ಯಾರೂ ನೋಡಿಲ್ಲದಿದ್ದರೂ ಊರಿಗೆಲ್ಲ ಅವನ ಮೇಲೆ ಕೋಪವಿತ್ತು.

ಈಗ ನಿನ್ನೆಯ ಕಥೆ ಕೇಳು. ಬೆಳಿಗ್ಗೆ ಏಳಕ್ಕೆ ಬಲೆಯ ಯಜಮಾನ ನೆಸ್ಟರ್ ಶಂಖ ಊದಿದ. ಜ್ಯಾಕ್ಸ್ ಮೀನಿನ ಹಿಂಡು ಕೊಲ್ಲಿಯೊಳಗೇ ಬಂದಿತ್ತು, ನೀರಿನ ಮೇಲೆ ಕಪ್ಪು ಬಟ್ಟೆ ಹಾಸಿದ ಹಾಗೆ. ದೋಣಿ ಸುತ್ತು ಹಾಕಿ ರಂಪಣಿ ಬಲೆ ಬಿಟ್ಟಿತು, ಎರಡೂ ಕಡೆಯ ಹಗ್ಗ ದಡಕ್ಕೆ ಬಂತು. ನಾವು ಹೆಂಗಸರು ಕತ್ತಿ, ಬೋಗುಣಿ ಹಿಡಿದು ಬಾದಾಮಿ ಮರದ ಕೆಳಗೆ ಕೂತೆವು. ಬಡಗಣ ಹಗ್ಗಕ್ಕೆ ಜನ ಸಾಲದೆ ಅವರು ಮೊಣಕಾಲೂರಿ ಎಳೆಯುತ್ತಿದ್ದರು. ಪ್ರವಾಸಿಗರು ಸಾಮಾನ್ಯವಾಗಿ ಫೋಟೋ ತೆಗೆಯುತ್ತ ನಿಲ್ಲುತ್ತಾರೆ. ಇವನು ಚಪ್ಪಲಿ ಕಳಚಿಟ್ಟು ಹೋಗಿ ಹಗ್ಗ ಹಿಡಿದುಬಿಟ್ಟ. ಬಾಗಿಲಿನ ಗುಟ್ಟು ಹೇಳಿದವಳು ಹಗ್ಗದ ಗುಟ್ಟು ಹೇಳಬಾರದಿತ್ತೇನೇ?

ಒಂದೂವರೆ ಗಂಟೆ ಎಳೆದ. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲ. ಬಲೆ ದಡಕ್ಕೆ ಬಂದಾಗ ಕೂಗಿದ್ದು ನೋಡಬೇಕಿತ್ತು, ಹುಟ್ಟಾ ಇದೇ ಊರಿನವನ ಹಾಗೆ ಕುಣಿದ. ಆಮೇಲೆ ನೆಸ್ಟರ್ ಬೋಗುಣಿ ಹಿಡಿದು ಪಾಲು ಹಂಚುತ್ತ ಬಂದ. ಯಾವ ಮನೆ ಎಂದು ಕೇಳುವುದು, ಮನೆಯ ಹೆಸರು ಹೇಳಿದರೆ ಸುರಿಯುವುದು. ಇವನ ಮುಂದೆ ನಿಂತ.

"ಏಯ್ ಕೆಂಪುಮೂತಿ, ಭೇಷಾಗಿ ಎಳೆದೆ ಕಣಯ್ಯಾ! ಯಾವ ಮನೆ?"

"ನಂಗೇನೂ ಬೇಡ. ಸುಮ್ನೆ ಕೈಜೋಡಿಸಿದೆ ಅಷ್ಟೆ" ಎಂದ ನಿನ್ನ ಗಂಡ, ನಗುನಗುತ್ತ, ದೊಡ್ಡ ಮರ್ಯಾದೆ ಎಂದುಕೊಂಡು.

ಮೀನು ಆಯುತ್ತಿದ್ದವರೆಲ್ಲ ತಲೆಯೆತ್ತಿದರು. ಹಗ್ಗಕ್ಕೆ ಕೈಹಚ್ಚಿ ಪಾಲು ಬೇಡ ಎನ್ನುವುದೆಂದರೆ ಬಲೆಗೆ ಶಾಪ ಹಾಕಿದ ಹಾಗೆ ಎಂದು ಕಾರ್ಡಿಫ್ ಪಟ್ಟಣದವನಿಗೆ ಹೇಗೆ ಗೊತ್ತಾಗಬೇಕು? "ಬೇಡ ಅಂತಾನಲ್ರೋ! ನಾಳೆಯಿಂದ ಮರಳು ಎಳೀಬೇಕಾ ನಾವು?" ಎಂದು ಯಾರೋ ಕೂಗಿದರು. ನೆಸ್ಟರ್ ತಾಳ್ಮೆಯಿಂದಲೇ ಹೇಳಿದ, "ಬೇಡ ಅನ್ನೋ ಹಾಗಿಲ್ಲ ತಮ್ಮಾ. ಮನೆ ಹೆಸರು ಹೇಳು, ತಗೊಂಡು ಹೋಗು. ಬಾಡಿಗೆ ಕೋಣೆ ಲೆಕ್ಕಕ್ಕಿಲ್ಲ. ನಿನ್ನೋರು ಅಂತ ಈ ಊರಲ್ಲಿ ಯಾರಾದ್ರೂ ಇದಾರಾ?"

ಅವನು ನನ್ನ ಕಡೆ ನೋಡಿದ. ಬಾಯಿ ತೆರೆದು ಮತ್ತೆ ಮುಚ್ಚಿದ. ನಾನಾಗಿ ಒಪ್ಪುವವರೆಗೆ ಹೇಳಕೂಡದು ಎಂದು ನಿನಗೆ ಮಾತು ಕೊಟ್ಟಿದ್ದನಂತೆ, ಆಮೇಲೆ ತಿಳಿಯಿತು. ನಾನೂ ಸುಮ್ಮನಿದ್ದರೆ ಬಲೆಗೆ ಕೇಡು ಬಯಸಿದವನೆಂದು ಸಂಜೆಯ ಬಸ್ಸಿಗೆ ಅವನನ್ನು ಹತ್ತಿಸುತ್ತಿದ್ದರು. ಅವನ ಹಿಂದೆಯೇ ನೀನೂ ನನಗೆ ಶಾಶ್ವತವಾಗಿ ಹೋಗುತ್ತಿದ್ದೆ. ಅದು ನನಗೆ ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು, ಮಾರ್ವಾ. ಕತ್ತಿ ಹಿಡಿದುಕೊಂಡೇ ಎದ್ದೆ.

"ನಮ್ಮನೆ, ನೆಸ್ಟರ್. ಅಲ್ಫೋನ್ಸ್ ಮನೆ. ಅವ್ನು ನನ್ನ ಮಾರ್ವಾಳ ಗಂಡ."

ಟಾಂಟಿ ಮೆರ್ಲ್ ಬಿಡುತ್ತಾಳೆಯೇ? "ಓಹೋಹೋ! ಅಪ್ಪನ್ನ ಕಳಿಸಿಕೊಡೋಕೆ ಹೆಂಡ್ತೀನ ಬಿಡಲಿಲ್ಲ, ಮೀನು ತಗೊಳ್ಳೋಕೆ ಮಾತ್ರ ಸವಾರಿ ಬಂತಾ?" ಹೆಂಗಸರೆಲ್ಲ ಹೌದು ಹೌದು ಎಂದರು. ನೆಸ್ಟರನ ಬೋಗುಣಿ ಗಾಳಿಯಲ್ಲೇ ನಿಂತಿತು. ಹ್ಯೂ ತಲೆತಗ್ಗಿಸಿದ. ಅವನ ಹತ್ತಿರ ಉತ್ತರ ಇತ್ತು. ಇದ್ದರೂ ನನ್ನ ಮುಖ ನೋಡಿ ನುಂಗಿಕೊಂಡ. ಏಳು ವರ್ಷ ನಾನು ದ್ವೇಷಿಸಿದ ಮನುಷ್ಯ ಅಷ್ಟು ಜನರ ಮುಂದೆ ನನ್ನ ಮಾನ ಕಾಯುತ್ತ ನಿಂತಿದ್ದ.

ಆಗ ನಾನು ಟಾಂಟಿಗೆ ಕೊಡಬೇಕಾದ ಉತ್ತರ ಕೊಟ್ಟೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮೆರ್ಲ್ ಬಾಯಿ ಮುಚ್ಚಿದಳು ಎಂದರೆ ಸಾಕು, ನೀನೇ ಅಂದಾಜು ಮಾಡಿಕೊ. ನೆಸ್ಟರ್ ನಮ್ಮ ಬೋಗುಣಿ ತುಂಬಿದ.

ಮನೆಗೆ ಬಂದು ಅವನ ಅಂಗೈಗೆ ಲೋಳೆಸರ ಹಚ್ಚಿದೆ. ಬಾಗಿಲಿನಿಂದ ಸಿಕ್ಕಿಬಿದ್ದೆ ಕಣೋ ಎಂದಾಗ ಹಣೆ ಚಚ್ಚಿಕೊಂಡು ನಕ್ಕ, ನಾನೂ ನಕ್ಕೆ. ಮೀನು ಕರಿದು ಬಡಿಸಿದೆ. "ಸಾಕು ಅಮ್ಮಾ" ಎಂದ. ಮಿಸ್ ಡೋರಾ ಅನ್ನಲಿಲ್ಲ, ಗಮನಿಸಿದೆಯಾ? ಇವತ್ತು ಚರ್ಚಿನ ಮೆಟ್ಟಿಲಲ್ಲಿ ಅರ್ಧ ಊರು ನನ್ನ ಕಡೆ ನೋಡದೆ ಹೋಯಿತು. ನೋಡದಿರಲಿ, ಅದು ನನಗೆ ಬರಬೇಕಾದದ್ದೇ. ಇನ್ನರ್ಧ ಊರು ಅವನ ಕೈ ಹೇಗಿದೆ ಎಂದು ವಿಚಾರಿಸಿತು. ನಾಳೆಯೂ ಬಾ ಎಂದು ನೆಸ್ಟರ್ ಹೇಳಿಕಳಿಸಿದ್ದಾನೆ.

ಜೂನ್ ಕೊನೆಗೆ ಸಂತ ಪೀಟರನ ದಿನ ಪಾದ್ರಿ ದೋಣಿಗಳಿಗೆಲ್ಲ ಪವಿತ್ರ ನೀರು ಚಿಮುಕಿಸುತ್ತಾರೆ. ಅಪ್ಪನ ದೋಣಿಗೆ ನಾನು ಹೊಸ ಬಣ್ಣ ಬಳಿಸಿರುತ್ತೇನೆ. ಅಲ್ಲಿಯವರೆಗೆ ನಿನ್ನ ಕೋಣೆಯನ್ನು ಯಾರಿಗೂ ಕೊಡುವುದಿಲ್ಲ.

ನಿನ್ನ ಅಮ್ಮ,
ಯೂಡೋರಾ

ಮತ್ತೆ: ಈ ಕಾಗದವನ್ನು ಹ್ಯೂಗೆ ತೋರಿಸಿದೆ. ಓದಿ ಮಡಿಸಿ ಕೈಗೆ ಕೊಟ್ಟು, "ಮುಖ್ಯವಾದ್ದೇ ಬಿಟ್ಟಿದೀರಲ್ಲ ಅಮ್ಮಾ" ಎಂದ. ಆದ್ದರಿಂದ ಬರೆಯುತ್ತೇನೆ. ದಡದಲ್ಲಿ ನಾನು ಹೇಳಿದ್ದು ಇದು: "ಟಾಂಟಿ, ಮಾರ್ವಾಗೆ ನಾನು ತಿಳಿಸಲೇ ಇಲ್ಲ." ನೀನೇ ಬರುವುದಿಲ್ಲ ಅಂದೆಯೆಂದು ಊರಿನವರಿಗೆ ಹೇಳಿದ್ದೆ. ನಿನಗೆ ಮೂರು ವಾರ ಕಳೆದು ಬರೆದ ಕಾಗದದಲ್ಲಿ ಫೋನಿನ ತಂತಿ ಕೆಟ್ಟಿತ್ತು ಎಂದಿದ್ದೆ. ಎರಡೂ ಸುಳ್ಳು. ತಂತಿ ಚೆನ್ನಾಗಿಯೇ ಇತ್ತು. ಒಂಬತ್ತು ದಿನವೂ ನಿನ್ನ ನಂಬರಿನ ಚೀಟಿ ಹಿಡಿದು ಟೆಲಿಫೋನ್ ಕಚೇರಿಯ ಬೆಂಚಿನ ಮೇಲೆ ಕೂತು ಎದ್ದು ಬಂದೆ. ನೀನು ಬಂದರೆ ಅಪ್ಪ ಕೊನೆಗೆ ಏನಂದರು ಎಂದು ಕೇಳುತ್ತಿದ್ದೆ, ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಕುಸಿದ ಆ ಬೆಳಿಗ್ಗೆ ನಿನ್ನ ಮದುವೆಯ ವಿಷಯಕ್ಕೆ ನಾನು ಜಗಳ ತೆಗೆದೆ, ಅವನು ಚಹಾ ಕುಡಿಯದೆ ದೋಣಿಗೆ ಹೊರಟ. ಹೊಸ್ತಿಲಲ್ಲಿ ತಿರುಗಿ ಹೇಳಿದ: "ಸಿಟ್ಟು ಬಿಡು ಡೋರಾ. ಇಬ್ಬರನ್ನೂ ಮನೆಗೆ ಕರಿ."

ಒಬ್ಬನು ಬಂದಿದ್ದಾನೆ. ನೀನೂ ಬಾ.