ಬಿದ್ದ ಬೇವಿನ ಬುಡದ ಇರುವೆ

ಮೇ 11, ಭಾನುವಾರ
ಆರು ಗಂಟೆಗೇ ಪಾಂಡವಪುರ ಬಿಟ್ಟೆ. ಕರಿಘಟ್ಟದ ತಪ್ಪಲು. ಇಪ್ಪತ್ತು ಪ್ಲಾಸ್ಟಿಕ್ ಲೋಟ ಹೂತೆ — ಅಂಚು ನೆಲಕ್ಕೆ ಸಮ, ಒಳಗೆ ಸೋಪು ನೀರು. ಹೋದ ವಾರದ ಗಾಳಿಮಳೆಗೆ ಬೇವು, ಹೊಂಗೆ ಉರುಳಿದ ಕಡೆ ಹತ್ತು. ಮರ ನಿಂತಿರುವ ಕಡೆ ಹತ್ತು. ನೆಲದ ಹುಳ ತಾವೇ ಬಂದು ಬೀಳುತ್ತವೆ. ಮರ ಬಿದ್ದರೆ ಅವುಗಳ ಲೆಕ್ಕ ಎಷ್ಟು ಬದಲಾಗುತ್ತೆ ಅಂತ ಪ್ರತಿ ಭಾನುವಾರ ಬಂದು ಎಣಿಸಬೇಕು. ನಲವತ್ತೊಂದು ವರ್ಷ ನನಗೆ. ಅಮ್ಮ ನೆಂಟರ ಹತ್ತಿರ "ಇನ್ನೂ ಏನೋ ಓದ್ತಾವ್ಳೆ" ಅಂತಾಳೆ.

ಪಿಎಚ್‌ಡಿಗೆ ಇದು ಕೊನೇ ಎಕ್ಸ್‌ಟೆನ್ಷನ್. ಜೂನ್ ಮೂವತ್ತರೊಳಗೆ ಕೊಡದಿದ್ದರೆ ಏಳು ವರ್ಷ ನೀರುಪಾಲು.

ಅಲ್ಲೇ ಆಡು ಮೇಯಿಸುವ ಜಯಲಕ್ಷ್ಮಮ್ಮನವರಿಗೆ ಲೋಟ ನೋಡಿಕೊಳ್ಳಿ ಅಂದೆ. "ಆಡು ತುಳೀದಂಗೆ ನೋಡ್ಕತೀನಿ ಬುಡವ್ವ" ಅಂದರು. ಬಗ್ಗಿ, ಒಳಗೆ ಆಗಲೇ ಬಿದ್ದಿದ್ದ ಇರುವೆ ನೋಡಿ ಮುಖ ಸಿಂಡರಿಸಿದರು.

ಮೇ 25, ಭಾನುವಾರ
ಬಿದ್ದ ಮರದ ಕಡೆ ಕರಿ ಜೀರುಂಡೆ ಹೋದ ವಾರ ಒಂಬತ್ತು, ಈ ವಾರ ಎರಡು. ನೆರಳು ಹೋಗಿ ಮಣ್ಣು ಹಂಚಿನ ಹಾಗೆ ಕಾಯುತ್ತೆ. ಇದು ನಿರೀಕ್ಷಿಸಿದ್ದೇ. ಆದರೆ ಇರುವೆ! ಮರ ನಿಂತ ಕಡೆ ಎಂಬತ್ತು, ಬಿದ್ದ ಕಡೆ ಆರುನೂರು ಚಿಲ್ಲರೆ. ಎರಡು ಸಲ ಎಣಿಸಿದೆ. ಬೆನ್ನು ಬಿದ್ದೇ ಹೋಯ್ತು.

ಜೂನ್ 15, ಭಾನುವಾರ
ಬರೆಯೋಕೂ ಸುಸ್ತು. ಮೂರು ವಾರವೂ ಇರುವೆ ಜಾಸ್ತಿಯೇ. ಗ್ರಾಫ್ ಕಳಿಸಿದ್ದೆ. ಗೈಡ್ ಏಳು ವರ್ಷದಲ್ಲಿ ಮೊದಲ ಸಲ "ವೆರಿ ಗುಡ್" ಅಂದರು. ಇದೇ ಮುಖ್ಯ ಚಾಪ್ಟರ್ ಅಂತೆ. ಬಸ್ಸಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ಏನೂ ಕೇಳದೆ ಕಿಟಕಿ ಸೀಟು ಬಿಟ್ಟುಕೊಟ್ಟಳು.

ಜೂನ್ 21, ಶನಿವಾರ
ನಾಳೆ ಕಾಲೇಜಲ್ಲಿ ಪರೀಕ್ಷೆ ಡ್ಯೂಟಿ, ಅದಕ್ಕೆ ಇವತ್ತೇ ಹೋದೆ. ಹೋಗಬಾರದಿತ್ತು.

ಜಯಲಕ್ಷ್ಮಮ್ಮ ಬಿದ್ದ ಬೇವಿನ ಬುಡದಲ್ಲಿ ಕೂತು ಸೆರಗಿನಿಂದ ರವೆ, ಸಕ್ಕರೆ ಉದುರಿಸುತ್ತಿದ್ದರು. ಪ್ರತಿ ಲೋಟದ ಸುತ್ತ ಒಂದೊಂದು ಚಿಟಿಕೆ.

"ಏನಮ್ಮ ಇದು?"

"ಶನಿವಾರ ಅಲ್ವ ಕಣವ್ವ, ಇರುವೆಗೆ ಆಕ್ತೀನಿ. ಗಾಳಿಗೆ ಮರ ಬಿದ್ದು ನೆಳ್ಳೂ ಓಯ್ತು, ಅದ್ರ ಮೇಲೆ ನೀನು ಲೋಟ ಬೇರೆ ಇಟ್ಟಿದೀಯ. ನಿಂಗೆ ಪಾಪ ತಟ್ಬಾರ್ದು ಅಂತ ಅವತ್ತಿಂದ್ಲೂ ಆಕ್ತಾ ಇವ್ನಿ."

"ಮರ ನಿಂತಿರೋ ಕಡೆ?"

"ಅವುಕ್ಕೇನಾಗದೆ? ಮರ ಅವಲ್ಲ."

ಬೈಯಬೇಕು ಅನ್ನಿಸಿತು. ಆದರೆ ನನಗೆ ಪಾಪ ತಟ್ಟಬಾರದು ಅಂತ ಯೋಚಿಸಿದವರು ಬೇರೆ ಯಾರಿದ್ದಾರೆ? ಪಕ್ಕದಲ್ಲೇ ಕೂತೆ. ಸಕ್ಕರೆ ಹೊತ್ತ ಸಾಲು ನೋಡುತ್ತಾ ಹೊತ್ತು ಹೋಯ್ತು.

ಜೂನ್ 22, ಭಾನುವಾರ, ಸಂಜೆ 6
ಡ್ಯೂಟಿ ಮುಗೀತು. ಕಾಲು ಊದಿದೆ. ಗೈಡ್ ಮೆಸೇಜ್: ಚಾಪ್ಟರ್ ಇವತ್ತೇ ಕಳಿಸಿ, ನಾಳೆ ಸಹಿ ಹಾಕ್ತೀನಿ.

ಯಾರಿಗೂ ಗೊತ್ತಾಗಲ್ಲ. ಜಯಲಕ್ಷ್ಮಮ್ಮ ಥೀಸಿಸ್ ಓದಲ್ಲ.

ಫೈಲ್ ಅಟ್ಯಾಚ್ ಮಾಡಿದೆ. ತೆಗೆದೆ. ಮತ್ತೆ ಮಾಡಿದೆ…

ಜೀರುಂಡೆಯ ಲೆಕ್ಕ ಒಂದಾದರೂ ಉಳೀತು ಅಂದುಕೊಂಡೆ. ಅವನ್ನೂ ಈ ಇರುವೆಗಳೇ ಓಡಿಸಿದವೋ ಏನೋ. ಈಗ ಅದೂ ಗೊತ್ತಿಲ್ಲ.

ಫೈಲ್ ತೆಗೆದೆ. ಮೊದಲು ಇಲ್ಲಿ ಬರೆದು ನೋಡ್ತೀನಿ, ಆಮೇಲೆ ಫೋನಲ್ಲಿ — ಸರ್, ಇರುವೆ ಹೆಚ್ಚಿದ್ದು ಗಾಳಿಮಳೆಯಿಂದ ಅಲ್ಲ. ಪ್ರತಿ ಶನಿವಾರ ಅಲ್ಲಿ ಒಬ್ಬರು ನನಗೋಸ್ಕರ…