ಹುಬ್ಬೇರಿಸಿದರೆ ‘ಹೌದು’ ಎಂದರ್ಥ

ನಮ್ಮ ಕೌಂಟಿಯಲ್ಲಿ ದತ್ತು ಅರ್ಜಿಗಳನ್ನು ವಿಚಾರಿಸುವ ಮಾನ್ಯ ನ್ಯಾಯಾಧೀಶರೇ,

ಎರಡು ವರ್ಷದ ಹಿಂದಿನ ವಸಂತದಲ್ಲಿ, ಮಾರ್ಷಲ್ ದ್ವೀಪಗಳಿಂದ ಅಮೆರಿಕಕ್ಕೆ ದುಡಿಯಲು ಬಂದ ಟಾರ್ಲಿನಾ ಎಂಬ ಹೆಣ್ಣುಮಗಳು ಎದೆಹಾಲು ಇನ್ನೂ ಆರದ ಮೈಯಲ್ಲಿ ತಮ್ಮ ಮುಂದೆ ನಿಂತಿದ್ದಳು. ತಾವು ಅವಳಿಗೆ ಕೊನೆಯದಾಗಿ ಒಂದು ಪ್ರಶ್ನೆ ಕೇಳಿದಿರಿ. ಅವಳು ಉತ್ತರಿಸಿದಳು. ತಾವು ನೋಡಲಿಲ್ಲ. ಅವಳು ಹೆತ್ತ ಮಗ ಈಗ ದೂರದ ನೆಬ್ರಾಸ್ಕಾ ರಾಜ್ಯದ ಮುಸುಕಿನ ಜೋಳದ ಹೊಲಗಳ ನಡುವೆ ಬೆಳೆಯುತ್ತಿದ್ದಾನೆ. ಹೆತ್ತವಳಿಗೆ ಅವನ ಮುಖ ಕಾಣುವ ಹಕ್ಕಿಲ್ಲ. ವಿಚಾರಣೆಯನ್ನು ಮತ್ತೆ ತೆರೆಯಿರಿ ಎಂದು ಅವಳು ಹೋದ ವರ್ಷ ಕೊಟ್ಟ ಅರ್ಜಿ ತಮ್ಮ ಕಚೇರಿಯಲ್ಲಿ ಚಳಿಗಾಲದ ಕರಡಿಯ ಹಾಗೆ ಮಲಗಿದೆ. ಕರಡಿಗಳೇನೋ ಎದ್ದವು. ಅರ್ಜಿ ಎದ್ದಿಲ್ಲ. ಅದಕ್ಕೇ ಈ ಪತ್ರವನ್ನು ಊರಿನ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಾವು ಅರ್ಜಿಗಳನ್ನು ಓದದಿರಬಹುದು, ಪತ್ರಿಕೆಯನ್ನಂತೂ ಓದುತ್ತೀರೆಂದು ಕೇಳಿದ್ದೇನೆ.

ನಾನು ಕೋಳಿ ಕಾರ್ಖಾನೆಯ ಎದುರು ಅಂಗಡಿ ಇಟ್ಟಿರುವವಳು. ಅಕ್ಕಿ ಮೂಟೆ, ಮಂಜುಗಟ್ಟಿಸಿದ ದೀವಿ ಹಲಸು, ಮೀನಿನ ಡಬ್ಬಿ, ಹೂವಿನ ಚಿತ್ತಾರದ ಅಂಗಿ ಮಾರುತ್ತೇನೆ. ಸಮಾರಂಭಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತೇನೆ. ಅದಕ್ಕೆ ಮೊದಲು ಅದೇ ಕಾರ್ಖಾನೆಯಲ್ಲಿ ಕೋಳಿಯ ಎದೆಯಿಂದ ಮೂಳೆ ಬಿಡಿಸುತ್ತಿದ್ದೆ. ನನ್ನ ಇಂಗ್ಲಿಷನ್ನು ಮೇಸ್ತ್ರಿಗಳ ಬೈಗುಳದಿಂದ ಕಲಿತದ್ದರಿಂದ ಅದರಲ್ಲಿ ವಿನಯದ ಮಾತು ಕಡಿಮೆ; ಕ್ಷಮಿಸಬೇಕು. ಕಾನೂನು ನಾನು ಓದಿಲ್ಲ. ವ್ಯಾಪಾರ ಓದಿದ್ದೇನೆ. ‘ಬೇಗ ಸಹಿ ಹಾಕಿ’ ಎನ್ನುವವನು ಮೂಟೆಯ ಬಾಯಿ ಬಿಚ್ಚಿ ತೋರಿಸುವುದಿಲ್ಲ ಎಂಬುದು ಆ ಓದಿನ ಮೊದಲ ಪಾಠ. ತಮ್ಮ ನ್ಯಾಯಾಲಯದಲ್ಲಿ ಆ ದಿನ ನಡೆದದ್ದನ್ನು ನೆನೆದಾಗಲೆಲ್ಲ ಆ ಪಾಠವೇ ನೆನಪಾಗುತ್ತದೆ.

ಇದಕ್ಕೆ ‘ಖಾಸಗಿ ದತ್ತು’ ಎಂದು ಹೆಸರು. ಖಾಸಗಿ ಎಂದರೆ ಯಾರಿಂದ ಮುಚ್ಚಿಟ್ಟದ್ದು, ಮಾನ್ಯರೇ? ಅಂದು ಟಾರ್ಲಿನಾಳನ್ನು ನ್ಯಾಯಾಲಯಕ್ಕೆ ಕರೆತಂದವಳು ನಾನು. ಅವಳು ನನ್ನ ಅಕ್ಕನ ಮಗಳು, ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ. ನಮ್ಮಲ್ಲಿ ಚಿಕ್ಕಮ್ಮನೆಂದರೆ ಅಮ್ಮನೇ. ಬಾಗಿಲಲ್ಲಿದ್ದ ಪೇದೆ, ಇದು ಖಾಸಗಿ ವಿಚಾರಣೆ ಎಂದು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ. ಒಳಗೆ ಯಾರು ಯಾರಿದ್ದರು? ದತ್ತು ವಕೀಲರು, ಅವರ ಸಹಾಯಕಿ, ಅವರು ಕರೆತಂದ ದುಭಾಷಿ. ಟಾರ್ಲಿನಾಗೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಮನೆ ಹಿಡಿದುಕೊಟ್ಟವರೂ ವಕೀಲರೇ, ಆಸ್ಪತ್ರೆಗೆ ಕಾರು ಕಳಿಸಿದವರೂ ವಕೀಲರೇ. ಅಲ್ಲಿದ್ದ ಅಷ್ಟೂ ಜನರ ಕೂಲಿ ಒಂದೇ ಜೇಬಿನಿಂದ ಬರುತ್ತಿತ್ತು. ಆ ಜೇಬಿಗೆ ತುಂಬಿದವರು ಮಗುವಿಗಾಗಿ ವರ್ಷಗಟ್ಟಲೆ ಕಾದಿದ್ದ ದೂರದ ದಂಪತಿ. ಅವರ ಪರವಾಗಿ ಇಡೀ ಕೋಣೆಯಿತ್ತು. ಹೆತ್ತವಳ ಪರವಾಗಿ ಯಾರಿದ್ದರು? ಬಹುಶಃ ತಾವು. ಆದರೆ ತಮಗೆ ನಮ್ಮ ಭಾಷೆ ಬರುವುದಿಲ್ಲ.

ಈಗ ಆ ಭಾಷೆಯ ವಿಷಯಕ್ಕೇ ಬರುತ್ತೇನೆ. ಕೊಟ್ಟು ಸಾಕಿಸುವುದಕ್ಕೆ ನಮ್ಮಲ್ಲಿ ‘ಕೋಕಾಜಿರಿರಿ’ ಎನ್ನುತ್ತಾರೆ. ನಾನೇ ಹಾಗೆ ಬೆಳೆದವಳು. ನಾನು ಹುಟ್ಟಿದ ವಾರದಲ್ಲೇ ನನ್ನಮ್ಮ ನನ್ನನ್ನು ಆಚೆ ದ್ವೀಪದಲ್ಲಿದ್ದ ಅಪ್ಪನ ಸೋದರತ್ತೆಗೆ ಕೊಟ್ಟಳು, ಆಕೆಗೆ ಮಕ್ಕಳಿರಲಿಲ್ಲ. ಆಕೆಯನ್ನು ಅಮ್ಮ ಎಂದೆ, ಆಕೆಯ ಮಡಿಲಲ್ಲೇ ಹಲ್ಲು ಬಂತು, ಆಕೆಯ ತೆಂಗಿನ ಮರಗಳೇ ನನ್ನ ಪಾಲಿಗೆ ಬಂದವು. ಹಾಗೆಂದು ಹೆತ್ತವಳು ಅಳಿಸಿಹೋದಳೇ? ಹಬ್ಬ ಬಂದರೆ ದೋಣಿ ಹತ್ತಿ ಅವಳ ಮನೆಗೆ ಹೋಗುತ್ತಿದ್ದೆ. ಒಬ್ಬಳು ಬೈದರೆ ಇನ್ನೊಬ್ಬಳ ಹತ್ತಿರ ಓಡುವುದು, ಇಬ್ಬರ ಕೈಯಲ್ಲೂ ಹೊಡೆತ ತಿನ್ನುವುದು, ಇದೇ ನನ್ನ ಬಾಲ್ಯ. ನಮ್ಮಲ್ಲಿ ಮಗುವನ್ನು ಕೊಟ್ಟರೆ ಎರಡು ಮನೆಗಳ ನಡುವೆ ಹಗ್ಗ ಕಟ್ಟಿದ ಹಾಗೆ. ಮಗು ಕೊಟ್ಟವರು ಬಡವರಾಗುವುದಿಲ್ಲ, ಬಂಧುಗಳು ಹೆಚ್ಚಾಗುತ್ತಾರೆ. ತಮ್ಮ ಕಾನೂನಿನ ದತ್ತು ಆ ಹಗ್ಗವನ್ನು ಕತ್ತರಿಸುವ ಕತ್ತರಿ. ಹುಟ್ಟಿದ ಚೀಟಿಯಿಂದ ತಾಯಿಯ ಹೆಸರನ್ನೇ ತೆಗೆದು ಬೇರೆ ಹೆಸರು ಬರೆಯುವ ಪದ್ಧತಿ ಎಲ್ಲಾದರೂ ಇದೆಯೆಂದು ನಮ್ಮ ಅಜ್ಜಿಯರಿಗೆ ಹೇಳಿದ್ದರೆ ನಗುತ್ತಿದ್ದರು, ಆಮೇಲೆ ಹೆದರುತ್ತಿದ್ದರು. ನಮ್ಮಲ್ಲಿ ಆ ಕತ್ತರಿಗೆ ಪದವೇ ಇಲ್ಲ. ಹಗ್ಗಕ್ಕಿರುವ ಪದವನ್ನೇ ಕತ್ತರಿಗೂ ಬಳಸಿ ತಮ್ಮ ಮುಂದೆ ಅವಳ ಒಪ್ಪಿಗೆ ಪಡೆಯಲಾಯಿತು.

ಟಾರ್ಲಿನಾಗೆ ಆಗಲೇ ಇಬ್ಬರು ಮಕ್ಕಳು. ಗಂಡ ಮೂರನೆಯದಕ್ಕೆ ಅವಳು ಬಸುರಿಯಿದ್ದಾಗ ಹವಾಯಿಗೆ ಹೋದವನು ಅಲ್ಲೇ ಕರಗಿದ. ನಾನು ಸಾಕುತ್ತೇನೆ ಕೊಡು ಎಂದೆ. ಅವಳು ಒಪ್ಪಲಿಲ್ಲ. ಆಸ್ಪತ್ರೆಗೆ ಬಂದಿದ್ದ ಆ ನೆಬ್ರಾಸ್ಕಾದ ಹೆಂಗಸು, ಕೊಲೀನ್ ಎಂದು ಅವಳ ಹೆಸರು, ಇವಳಿಗೆ ಇಷ್ಟವಾಗಿದ್ದಳು. “ಒಳ್ಳೆಯವಳು ಚಿಕ್ಕಮ್ಮ. ಮಗು ಎತ್ಕೊಂಡು ನನ್ನ ಮುಂದೇನೇ ಅತ್ಲು. ಅವರ ಮನೇಲಿ ಓದ್ಲಿ. ನಮಗೂ ಆ ಕಡೆ ಒಂದು ಮನೆ ಆಯ್ತು ಅನ್ಕೋ” ಎಂದಳು. ಮಾನ್ಯರೇ, ‘ನಮಗೂ ಆ ಕಡೆ ಒಂದು ಮನೆ ಆಯ್ತು’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಮಗುವಿನ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಡುತ್ತಿರುವ ತಾಯಿ ಆಡುವ ಮಾತೇ ಇದು?

ಆ ದಿನ ತಾವು ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ‘ಯೆಸ್’ ಎಂದಳು. ಕೇಳಿಸುವ ಹಾಗೆ ‘ಯೆಸ್’ ಅನ್ನಬೇಕು ಎಂದು ವಕೀಲರ ಸಹಾಯಕಿ ಹಿಂದಿನ ದಿನವೇ ಕಲಿಸಿದ್ದಳು, ಯಾವ ಯಾವ ಪ್ರಶ್ನೆ ಬರುತ್ತದೆಂದೂ ಹೇಳಿಕೊಟ್ಟಿದ್ದಳು. ಆದರೆ ಎಲ್ಲ ಮುಗಿದ ಮೇಲೆ ತಾವು ಆ ಪಟ್ಟಿಯಲ್ಲಿಲ್ಲದ ಒಂದನ್ನು ಕೇಳಿದಿರಿ. ‘ನಿನಗೆ ನನ್ನಲ್ಲಿ ಏನಾದರೂ ಕೇಳುವುದಿದೆಯೇ?’ ಅಷ್ಟೂ ಹೊತ್ತಿನಲ್ಲಿ ತಾವು ಆಡಿದ ಒಂದೇ ಮನುಷ್ಯ ಮಾತು ಅದು. ಅದಕ್ಕಾಗಿ ತಮ್ಮ ಬಗ್ಗೆ ಗೌರವವಿದೆ. ಆ ಪ್ರಶ್ನೆಗೆ ಯಾರೂ ತಾಲೀಮು ಕೊಟ್ಟಿರಲಿಲ್ಲವಾದ್ದರಿಂದ ಟಾರ್ಲಿನಾ ತನ್ನ ತಾಯಿಗೆ ಉತ್ತರಿಸುವಂತೆ ತಮಗೆ ಉತ್ತರಿಸಿದಳು. ಎರಡೂ ಹುಬ್ಬು ಮೇಲೇರಿಸಿದಳು.

ನಮ್ಮಲ್ಲಿ ಹಾಗೆ ಮಾಡಿದರೆ ‘ಹೌದು’ ಎಂದರ್ಥ. ತಮ್ಮ ಮನೆಯ ಹುಲ್ಲು ಕತ್ತರಿಸುವವರಲ್ಲಿ, ತಮ್ಮ ಊಟದ ಕೋಳಿ ಕತ್ತರಿಸುವವರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅವಳು ಹುಬ್ಬೇರಿಸಿ, ಹಿರಿಯರು ‘ಕೇಳಮ್ಮ’ ಎನ್ನಲಿ ಎಂದು ಕಾದು ನಿಂತಳು. ಅಪ್ಪಣೆಯಿಲ್ಲದೆ ಹಿರಿಯರ ಮುಂದೆ ಬಾಯಿ ತೆರೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ತಾವು ಕಾಗದದಿಂದ ತಲೆಯೆತ್ತಿದಿರೋ ಇಲ್ಲವೋ ನಾನು ಕಂಡಿಲ್ಲ. ‘ಪ್ರಶ್ನೆಗಳಿಲ್ಲ’ ಎಂದು ಬರೆಸಿದಿರಂತೆ. ಸುತ್ತಿಗೆ ಬಡಿದಿರಂತೆ. ಅವಳು ಹೊರಗೆ ಬಂದು ನನ್ನ ಪಕ್ಕ ಕೂತು, “ನ್ಯಾಯಾಧೀಶರು ಒಳ್ಳೇವ್ರು, ಆದ್ರೆ ಅವಸರದಲ್ಲಿದ್ರು ಅನ್ಸುತ್ತೆ. ನಾನು ಕೇಳ್ಬೇಕಿದ್ದದ್ದು ಇನ್ನೊಂದ್ಸಲ ಕೇಳ್ತೀನಿ ಬಿಡು” ಎಂದಳು. ಇನ್ನೊಂದು ಸಲವಿದೆ ಎಂದು ಅವಳು ನಂಬಿದ್ದಳು. ಬೆಂಚಿನ ಮೇಲೆ ಕೂತಿದ್ದ ನಾನೂ ನಂಬಿದೆ.

ಮಗುವಿಗೆ ವರ್ಷ ತುಂಬುವುದು ನಮ್ಮಲ್ಲಿ ಮದುವೆಗಿಂತ ದೊಡ್ಡ ಹಬ್ಬ. ಬಂಧುಬಳಗವೆಲ್ಲ ಸೇರಿ, ಇಗೋ ಇವನು ನಮ್ಮವನು ಎಂದು ಒಪ್ಪಿಕೊಳ್ಳುವ ದಿನ ಅದು. ಟಾರ್ಲಿನಾ ತಿಂಗಳುಗಟ್ಟಲೆ ಎರಡು ಪಾಳಿ ದುಡಿದಳು. ನನ್ನ ಅಂಗಡಿಯಿಂದ ದೊಡ್ಡ ಶಾಮಿಯಾನ, ಇನ್ನೂರು ಕುರ್ಚಿ. ಹೊಂಡದಲ್ಲಿ ಹಂದಿ ಬೆಂದಿತು, ತೆಂಗಿನಹಾಲಿನ ಅನ್ನವಾಯಿತು, ಮಗುವಿಗೆ ಅವಳು ತನ್ನ ಅಪ್ಪನ ಹೆಸರನ್ನೇ ಇಟ್ಟಿದ್ದಳು, ಕೇಕಿನ ಮೇಲೆ ಆ ಹೆಸರನ್ನು ‘ಅಟ್ಬಿ’ ಎಂದು ಬರೆಸಿದ್ದಾಯಿತು. ಮಗುವಿಗೆ ನೆಬ್ರಾಸ್ಕಾದಲ್ಲಿ ಬೇರೆ ಹೆಸರಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ವಕೀಲರ ಕಚೇರಿಗೆ ಅವಳು ಮೊದಲೇ ಫೋನ್ ಮಾಡಿ ಹಬ್ಬದ ದಿನ ತಿಳಿಸಿದ್ದಳು, ತಿಳಿಸುತ್ತೇವೆ ಎಂದಿದ್ದರು. ಯಾರಿಗೆ ತಿಳಿಸಿದರೋ! ಜನ ಬಂದರು, ಹಾಡಿದರು, ಉಡುಗೊರೆಗಳ ರಾಶಿ ಬಿದ್ದಿತು. ಮುಂದಿನ ಸಾಲಿನಲ್ಲಿ ನಡುವಿನ ಮೂರು ಕುರ್ಚಿಗಳನ್ನು ಟಾರ್ಲಿನಾ ಯಾರಿಗೂ ಬಿಡಲಿಲ್ಲ. ಒಂದು ಆ ಹೆಂಗಸಿಗೆ, ಒಂದು ಅವಳ ಗಂಡನಿಗೆ, ಒಂದು ತನಗೆ. ಮಗು ಮೂವರ ಮಡಿಲಲ್ಲೂ ಕೂರುತ್ತದೆ ಎಂದಿದ್ದಳು. ಹಂದಿ ತಣ್ಣಗಾದ ಮೇಲೆ ಪಾದ್ರಿಗಳು ಮಗುವಿಲ್ಲದೆಯೇ ಪ್ರಾರ್ಥನೆ ಮುಗಿಸಿದರು. ನಾನು ಬಾಡಿಗೆಗೆ ಕೊಟ್ಟ ಕುರ್ಚಿಗಳಲ್ಲಿ ಆ ಮೂರು ಮಾತ್ರ ಮಡಚಲಾಗದಷ್ಟು ಭಾರವಾಗಿದ್ದವು.

ಅಂದೇ ನಾನು ದುಭಾಷಿಯನ್ನು ಹಿಡಿದೆ. ಅವನು ಜೊರೆಲಿಕ್, ನಮ್ಮವನೇ, ಹಬ್ಬದ ಊಟಕ್ಕೆ ಬಂದಿದ್ದ. ಹಂದಿ ಬೇಯಿಸಿದ ಹೊಂಡದ ಹಿಂದೆ ಕರೆದುಕೊಂಡು ಹೋದೆ.

“ಲೋ, ಅವರು ದತ್ತು ಅಂದಾಗ ನೀನು ನಮ್ಮ ಮಾತಲ್ಲಿ ಏನಂದೆ?”

“ಏನಂತೀನಿ ಅಕ್ಕಾ, ಕೋಕಾಜಿರಿರಿ ಅಂದೆ. ನಮ್ಮಲ್ಲಿ ಇರೋದು ಅದೊಂದೇ ಮಾತಲ್ವಾ?”

“ಯಾವತ್ತಿಗೂ ಅಂತ ನ್ಯಾಯಾಧೀಶರು ಅಂದ್ರಲ್ಲ, ಅದಕ್ಕೆ?”

“ಯಾವತ್ತಿಗೂ ಅಂದೆ. ನಾವೂ ಯಾವತ್ತಿಗೂ ತಾನೆ ಕೊಡೋದು? ಹಂಗಂತ ಮಗು ಮನೆ ಕಡೆ ಬರಲ್ವಾ?”

“ಅವಳು ಹುಬ್ಬು ಏರಿಸಿದ್ದು ನೋಡ್ಲಿಲ್ವೇನೋ ನೀನು?”

ಅವನು ಕೈಯಲ್ಲಿದ್ದ ತಟ್ಟೆಯನ್ನೇ ನೋಡುತ್ತ ನಿಂತ. “ನೋಡ್ದೆ. ಬಾಯಲ್ಲಿ ಹೇಳಿದ್ದಷ್ಟೇ ತರ್ಜುಮೆ ಮಾಡು ಅಂದಿದ್ರು ವಕೀಲ್ರು. ಹುಬ್ಬು ಬಾಯಲ್ಲವಲ್ಲ ಅಕ್ಕಾ” ಎಂದ.

ಅವನನ್ನು ನಾನು ದೂರುವುದಿಲ್ಲ. ಕೂಲಿಯವನು ಕೂಲಿ ಕೊಟ್ಟವನ ಮಾತು ಕೇಳುತ್ತಾನೆ. ನನ್ನ ಅನುಮಾನವೆಲ್ಲ ಕೂಲಿ ಕೊಟ್ಟವರ ಮೇಲೆ. ಇದೇ ವಕೀಲರು ನಮ್ಮ ಎಷ್ಟೋ ಹುಡುಗಿಯರನ್ನು ತಮ್ಮ ಮುಂದೆ ನಿಲ್ಲಿಸಿದ್ದಾರೆ. ನಮ್ಮ ಪದದ ಅರ್ಥ ಅವರಿಗೆ ಇಷ್ಟು ದಿನವಾದರೂ ತಿಳಿದಿಲ್ಲವೆಂದರೆ ನಂಬಲೇ? ಅಥವಾ ತಿಳಿದಿರುವುದರಿಂದಲೇ ಆ ಪದವನ್ನು ಬದಲಿಸಲಿಲ್ಲವೇ? ಸರಕು ಸಲೀಸಾಗಿ ಸಾಗುವ ದಾರಿಯನ್ನು ಯಾವ ವ್ಯಾಪಾರಿ ತಾನೇ ಅಗೆಯುತ್ತಾನೆ?

ಹಬ್ಬ ಕಳೆದು ಕೆಲವು ವಾರಗಳ ಮೇಲೆ ನನ್ನ ಅಂಗಡಿಗೆ ಒಂದು ಫೋನ್ ಬಂತು. ಮಗುವನ್ನು ಒಪ್ಪಿಸುವ ದಿನ ಟಾರ್ಲಿನಾ ತಾನು ಹೊಲಿದ ಕೌದಿಯನ್ನು ನನ್ನ ಅಂಗಡಿಯ ಚೀಲದಲ್ಲಿ ಹಾಕಿ ಕೊಟ್ಟಿದ್ದಳು. ಚೀಲದ ಮೇಲೆ ಅಂಗಡಿಯ ನಂಬರು ಅಚ್ಚು ಹಾಕಿಸಿದಾಗ ನನ್ನ ಗಂಡ ಅದನ್ನು ದುಂದು ಎಂದಿದ್ದ. ಕರೆ ಮಾಡಿದವಳು ಕೊಲೀನ್. ಬಹಳ ಹೊತ್ತು ಹವಾಮಾನದ ಮಾತಾಡಿದಳು. ಆಮೇಲೆ, ಅವಳು ಚೆನ್ನಾಗಿದ್ದಾಳೆಯೇ ಎಂದು ಕೇಳಿದಳು. ಬಂದು ನೋಡಬಹುದಿತ್ತಲ್ಲ ಎಂದೆ.

“ನೋಡೋದು ಅವಳಿಗೇ ಬೇಡವಂತಲ್ಲ? ನಿಮ್ಮ ಕಡೆ ಮಗು ಕೊಟ್ಟ ಮೇಲೆ ಮರೆತುಬಿಡ್ತಾರೆ, ಹಳೇದನ್ನ ಕೆದಕಬೇಡಿ ಅಂತ ವಕೀಲರು ಹೇಳಿದ್ರು.”

“ಯಾರಿಗಮ್ಮಾ ಬೇಡ?” ಎಂದೆ. “ಇನ್ನೂರು ಕುರ್ಚಿ ಹಾಕಿಸಿದ್ಲು. ನಿನಗೂ ಒಂದು ಇತ್ತು.”

ಅತ್ತ ಕಡೆ ಮಗುವೊಂದು ಚಮಚದಿಂದ ತಟ್ಟೆ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಅವಳು ತಗ್ಗಿದ ದನಿಯಲ್ಲಿ ಹೇಳಿದಳು: “ನಮ್ಮನೆಯವರಿಗೆ ಭಯ. ಒಂದ್ಸಲ ತೋರಿಸಿದ್ರೆ ವಾಪಸ್ ಕೇಳ್ತಾರೆ ಅಂತ ವಕೀಲರು ಹೆದರಿಸಿಟ್ಟಿದ್ದಾರೆ. ಕೋರ್ಟಿಂದ ಒಂದು ಮಾತು ಬರ್ಲಿ, ಕರ್ಕೊಂಡು ಬರ್ತೀನಿ.”

ನಾನು ಅನುಮಾನದ ಹೆಂಗಸು. ಈ ಮಾತನ್ನೂ ಪೂರ್ತಿ ನಂಬಿಲ್ಲ. ಆದರೆ ಮೋಸ ಹೋದ ತಾಯಿ ಒಬ್ಬಳಲ್ಲ, ಇಬ್ಬರು ಎಂಬುದು ಆ ಚಮಚದ ಸದ್ದಿನಲ್ಲಿ ನನಗೆ ಗೊತ್ತಾಯಿತು. ಒಬ್ಬಳಿಗೆ ‘ಬರುತ್ತಾನೆ’ ಎಂದು ತೋರುವ ಪದ, ಇನ್ನೊಬ್ಬಳಿಗೆ ‘ಅವಳಿಗೆ ಬೇಡ’ ಎಂಬ ಸುಳ್ಳು. ಎರಡರ ನಡುವೆ ತಮ್ಮ ಮುದ್ರೆ, ಮಾನ್ಯರೇ.

ಟಾರ್ಲಿನಾ ಮಗುವನ್ನು ಕಿತ್ತುಕೊಳ್ಳಲು ಬಂದಿಲ್ಲ. ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳುತ್ತಾಳೆ. ತಾನು ಯಾವುದಕ್ಕೆ ಒಪ್ಪಿದಳೋ ಅದನ್ನಷ್ಟೇ ಕೇಳುತ್ತಿದ್ದಾಳೆ. ಮಗ ಅಲ್ಲಿ ಬೆಳೆಯಲಿ, ಇಲ್ಲಿಗೆ ಬರುತ್ತಿರಲಿ, ಅವಳ ಮುಖ ಅವನಿಗೆ ಗೊತ್ತಿರಲಿ. ಇದನ್ನು ಕಾನೂನು ಒಪ್ಪುತ್ತದೋ ಇಲ್ಲವೋ ನಾನರಿಯೆ. ಒಪ್ಪದಿದ್ದರೆ ಅದನ್ನು ಅವಳಿಗೆ ತಿಳಿಯುವ ಮಾತಿನಲ್ಲಿ, ಅವಳ ಕಣ್ಣು ನೋಡಿ ತಾವೇ ಹೇಳಬೇಕು. ಮಲಗಿರುವ ಅರ್ಜಿಯನ್ನು ಎಬ್ಬಿಸಿ, ದಿನ ಗೊತ್ತುಮಾಡಿ. ವಕೀಲರ ಜೇಬು ಮುಟ್ಟದ ದುಭಾಷಿಯನ್ನು ನ್ಯಾಯಾಲಯವೇ ಕರೆಸಲಿ. ನೆಬ್ರಾಸ್ಕಾದವರನ್ನೂ ಕರೆಸಿ, ಆ ಹೆಂಗಸು ಬಾಯಿಬಿಟ್ಟು ಕೇಳಿರುವುದು ತಮ್ಮ ಒಂದೇ ಮಾತನ್ನು. ಮುಂದೆ ನಮ್ಮ ಯಾವ ಹುಡುಗಿ ತಮ್ಮ ಮುಂದೆ ನಿಂತರೂ ಆ ಹಗ್ಗದ ಪದವನ್ನು ಬಳಸದೆ, ‘ಮಗು ಮನೆಗೆ ಬರುವುದಿಲ್ಲ, ನೀನು ತಾಯಿ ಎಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ, ಇದಕ್ಕೂ ಒಪ್ಪುತ್ತೀಯಾ?’ ಎಂದು ಬಿಡಿಸಿ ಕೇಳಿಸಿ. ಆಗಲೂ ಒಪ್ಪುವವರು ಇರಬಹುದು. ಅವರ ದಾರಿಗೆ ನಾನು ಅಡ್ಡ ನಿಲ್ಲುವುದಿಲ್ಲ.

ಅಂದು ಟಾರ್ಲಿನಾ ತಮ್ಮಲ್ಲಿ ಏನು ಕೇಳಬೇಕೆಂದಿದ್ದಳು ಎಂಬುದನ್ನು ನಾನು ಆಮೇಲೆ ವಿಚಾರಿಸಿದೆ. ಅವಳು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ. “ವರ್ಷ ತುಂಬೋ ಹಬ್ಬಕ್ಕೆ ಅವರೇ ಮಗೂನ ಕರ್ಕೊಂಡು ಬರ್ತಾರಾ, ಇಲ್ಲ ನಾನೇ ಹೋಗಿ ಕರ್ಕೊಂಡು ಬರ್ಬೇಕಾ?”

ತಮ್ಮ ಪ್ರಶ್ನೆಗೆ ಅವಳು ಅಂದೇ ಉತ್ತರ ಕೊಟ್ಟಿದ್ದಾಳೆ. ಅವಳ ಪ್ರಶ್ನೆಗೆ ತಮ್ಮದು ಬಾಕಿಯಿದೆ.

ಇಂತಿ,
ಇಬ್ಬರು ಅಮ್ಮಂದಿರ ಮಗಳು, ತಮ್ಮ ಪೇದೆ ಒಳಗೆ ಬಿಡದ ಚಿಕ್ಕಮ್ಮ,
ಆ ಮೂರು ಕುರ್ಚಿಗಳನ್ನು ಇನ್ನೂ ಯಾರಿಗೂ ಬಾಡಿಗೆಗೆ ಕೊಡದ
ಅಲ್ಮಿತಾ