ತಿರುವಿನಲ್ಲಿ ಹೋಗುವ ಬೆಳಕು

ಮಾರ್ಚ್ 3, ಬೆಳಿಗ್ಗೆ
ಹಾಲಲ್ಲಿ ಅದ್ದಿದ ಬ್ರೆಡ್ಡೂ ಎದೆಯ ಹತ್ತಿರ ನಿಂತಿತು. ನೀರು ಕುಡಿದ ಮೇಲೆ ಇಳಿಯಿತು. ಸೊಸೆ ನೋಡಿಬಿಟ್ಟಳು. ಕಣ್ಣೋ, ಪೊಲೀಸೋ!

ಮಾರ್ಚ್ 5
ಡಾಕ್ಟರು ಬಾಯಿಂದ ಟ್ಯೂಬು ಇಳಿಸಿ ನೋಡಬೇಕಂತೆ. ತುದಿಯಲ್ಲಿ ಕಾಳಿನಷ್ಟು ಕ್ಯಾಮೆರಾ. ದೀಪ ಮಾತ್ರ ಹೊರಗೆ, ಪೆಟ್ಟಿಗೆಯಲ್ಲಿ. ಬೆಳಕು ಗಾಜಿನ ಎಳೆಗಳೊಳಗೆ ಹೋಗುತ್ತದಂತೆ.
"ಗಂಟಲು ತಿರುಗುತ್ತಲ್ಲಪ್ಪ. ಬೆಳಕು ನೇರ ಹೋಗುತ್ತೆ ಅಂತ ನಾಲ್ಕನೇ ಕ್ಲಾಸಲ್ಲೇ ಹೇಳಿದಾರೆ. ತಿರುವಲ್ಲಿ ಏನ್ಮಾಡುತ್ತೆ, ಹಾರ್ನ್ ಹೊಡೆಯುತ್ತಾ?"
ನಕ್ಕರು. ಚೀಟಿ ಬರೆಯತೊಡಗಿದರು. ತಿಳಿಯದೆ ಬಾಯಿ ತೆರೆಯಲ್ಲ ಎಂದು ಎದ್ದು ಬಂದೆ.
ದಾರಿಯುದ್ದಕ್ಕೂ ಸೊಸೆ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಳು. ನನ್ನ ಅಕ್ಕನಿಗೂ ಹೀಗೇ, ನುಂಗಲಾಗದೆ ಶುರುವಾಗಿತ್ತು. ಒಳಗೇನಿದೆ ಎಂದು ಯಾರೂ ನೋಡದೆಯೇ ಹೋಗಿಬಿಟ್ಟಳು.

ಮಾರ್ಚ್ 14
ಹಾಲೂ ತಡೆದು ಇಳಿಯುತ್ತಿದೆ. ಬರೆಯಲು ಮನಸ್ಸಿರಲಿಲ್ಲ.

ಮಾರ್ಚ್ 15, ಮಧ್ಯಾಹ್ನ
ಸೊಸೆ ಆಫೀಸಿಗೆ ರಜೆ ಹಾಕಿ ನನ್ನನ್ನು ಬಚ್ಚಲಿಗೆ ಎಳೆದಳು. ಕಿಟಕಿಗೆ ಟವೆಲ್. ನೀರಿನ ಬಾಟಲಿಯ ಬುಡದ ಪಕ್ಕ ತೂತು, ಅದರಿಂದ ನೀರಿನ ಧಾರೆ. ಕೈಯಲ್ಲಿ ಮೀಟಿಂಗಿನಲ್ಲಿ ಗೋಡೆಗೆ ಬಿಡುವ ಕೆಂಪು ಬೆಳಕಿನ ಪೆನ್ನು.
ಪೆನ್ನನ್ನು ಪಕ್ಕದಿಂದ ಹಿಡಿದಳು. ಬೆಳಕು ಬಾಟಲಿ ದಾಟಿ ಗೋಡೆಗೆ.
"ಅಷ್ಟು ಓದಿ ಇಷ್ಟೇನಾ? ತೂತಿನ ಎದುರು ಬದಿಯಿಂದ, ತೂತಿಗೇ ಬಿಡೇ."
ಬಿಟ್ಟಳು. ಅಬ್ಬಾ! ಬಾಗಿ ಬೀಳುವ ನೀರಿನೊಳಗೇ ಕೆಂಪು ಬಾಗಿ ಇಳಿದು, ನನ್ನ ಅಂಗೈ ಮೇಲೆ ಬೊಟ್ಟಿನ ಹಾಗೆ ಕೂತಿತು.
"ಬಗ್ಗಿತಲ್ಲೇ!"
"ಬಗ್ಗಲ್ಲ ಅತ್ತೆ, ನೇರವೇ ಹೋಗೋದು. ನೀರಿನ ಅಂಚಿಗೆ ತೀರಾ ಓರೆಯಾಗಿ ತಾಗಿದ್ರೆ ಗಾಳಿಗೆ ದಾಟೋಕಾಗಲ್ಲ. ಪೂರ್ತಿ ಒಳಕ್ಕೇ ವಾಪಸ್. ಮತ್ತೆ ಆ ಅಂಚು, ಮತ್ತೆ ಈ ಅಂಚು... ಹಾಗೇ ಮುಂದಕ್ಕೆ. ನೆಟ್ಟಗೆ ತಾಗಿದ್ರೆ ಹೊರಗೆ ಬಂದ್ಬಿಡುತ್ತೆ."
"ನಾನು ನಿಂಗೆ ಓರೆಯಾಗಿ ಅಂದ ಕೊಂಕೂ ಹೀಗೇ. ಪೂರ್ತಿ ನನಗೇ ವಾಪಸ್."
ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಹಾಗಾದ್ರೆ ತೋರಿಸ್ಕೋತೀರಾ?"
ಮೊದಲು ಬಾಟಲಿ ಮತ್ತೆ ತುಂಬಿಸು ಎಂದೆ.

ಅದೇ ದಿನ, ಸಂಜೆ
ಗಾಜಿನ ಲೋಟದಲ್ಲಿ ನೀರು, ಚಮಚ. ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಿ ಕೆಳಗಿಂದ ಓರೆಯಾಗಿ ನೋಡಿದೆ. ನೀರಿನ ಮೇಲ್ಮೈ ಬೆಳ್ಳಿ ಕನ್ನಡಿ! ಅದರಲ್ಲಿ ಚಮಚ ತಲೆಕೆಳಗು. ಇಷ್ಟು ವರ್ಷ ಲೋಟ ತೊಳೆದೆ, ಒಂದು ದಿನ ಬಗ್ಗಿ ನೋಡಲಿಲ್ಲವಲ್ಲ.

ಮಾರ್ಚ್ 17, ಆಸ್ಪತ್ರೆ
ಡಾಕ್ಟರು ಟ್ಯೂಬನ್ನು ಬಳೆಯಂತೆ ಸುತ್ತಿ ತೋರಿಸಿದರು. ತುದಿಯಲ್ಲಿ ಬೆಳಕು ಬರುತ್ತಲೇ ಇತ್ತು.
"ತೀರಾ ಬಗ್ಗಿಸಿದ್ರೆ ಅಂಚಿಗೆ ನೆಟ್ಟಗೆ ತಾಗಿ ಸೋರಲ್ವಾ?"
"ಸೋರುತ್ತೆ ಅಜ್ಜಿ. ಅಷ್ಟು ಬಗ್ಗಿಸಲ್ಲ."
"ಸರಿ. ಒಳಗಿಂದು ಕಾಣೋ ಆ ಟಿವಿ ನನ್ನ ಕಡೆ ತಿರುಗಿಸಿ."
"ಎಲ್ಲರೂ ಕಣ್ಣು ಮುಚ್ಕೋತಾರೆ!"
"ನಾನು ಮುಚ್ಚೋಕೆ ಬಂದಿಲ್ಲ."
ಬರೆಯುತ್ತಿದ್ದಂತೆ ಒಳಗೆ ಕರೆದರು. ಸೊಸೆಯ ಕೈ ತಣ್ಣಗಿದೆ. ಒಳಗೆ ಏನೇ ಇರಲಿ, ಅವಳಿಗಿಂತ ಮೊದಲು ನಾನೇ ನೋಡಬೇ—